ಮೂರು ಸಲ ಕೂಗಿದ ಸರಕು

ಜನವರಿ ೧೧

ಮಗಳು ಮೂಲಂಗಿಗೆ,

ಗುರುವಾರ ಫೋನ್ ಮಾಡಿದವನು ಬ್ಯಾಂಕಿನವನಲ್ಲ, ನಿಮ್ಮಪ್ಪ.

ನಾನು "ಊಟ ಆಯ್ತೇನೇ" ಎಂದು ಕೇಳಿದೆ. ನೀನು "ನಂಗೆ ಯಾವ ಸಾಲಾನೂ ಬೇಡ ಸಾರ್, ಮತ್ತೆ ಮತ್ತೆ ಮಾಡ್ಬೇಡಿ" ಎಂದು ಇಟ್ಟುಬಿಟ್ಟೆ. ಮತ್ತೆ ಮಾಡಿದೆ, ಎತ್ತಲೇ ಇಲ್ಲ. ಪಕ್ಕದಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದ ನಿಮ್ಮಮ್ಮ ನಕ್ಕು ನಕ್ಕು ಅರ್ಧ ಬಟಾಣಿ ನೆಲಕ್ಕೆ ಚೆಲ್ಲಿದಳು. ನನಗೆ ನಗು ಬರಲಿಲ್ಲ.

ತಪ್ಪು ನಿನ್ನದಲ್ಲ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಯಂತ್ರ ಮಾಡಿದವಳು ನೀನೇ ತಾನೇ. ಕಳೆದ ವರ್ಷ ಡಾಕ್ಟರು ನನ್ನ ಗಂಟಲಿನಿಂದ ಧ್ವನಿಪೆಟ್ಟಿಗೆ ಕಿತ್ತು ಬಿಸಾಕಿದ ಮೇಲೆ ನಿಮ್ಮ ಸಂಸ್ಥೆಯ ಈ ಮಾತುಪೆಟ್ಟಿಗೆ ಬಂತು. ಕತ್ತಿಗೆ ಪಟ್ಟಿ ಕಟ್ಟಿಕೊಂಡು ತುಟಿ ಆಡಿಸಿದರೆ ಜೇಬಿನಲ್ಲಿರುವ ಡಬ್ಬಿ ನನ್ನದೇ ಧ್ವನಿಯಲ್ಲಿ ಮಾತಾಡುತ್ತದೆ. ಧ್ವನಿ ನನ್ನದೇ, ಇಲ್ಲ ಎನ್ನುವುದಿಲ್ಲ. ಧಾಟಿ ಯಾರದು? ಸಗಟು ತರಕಾರಿ ಮಾರುಕಟ್ಟೆಯಲ್ಲಿ ಜೀವಮಾನವೆಲ್ಲ ಹರಾಜು ಕೂಗಿದ ಗಂಟಲು ಇದು. ನಾನು ಈರುಳ್ಳಿ ಎಂದರೆ ಆಚೆ ಗೇಟಿನಲ್ಲಿದ್ದ ಲಾರಿಯವನು ಇಂಜಿನ್ ಆಫ್ ಮಾಡುತ್ತಿದ್ದ. ಈಗ ನಿಮ್ಮಮ್ಮನನ್ನು ಕಾಫಿ ಕೇಳಿದರೆ ನೋಟಿಸ್ ಜಾರಿ ಮಾಡಿದ ಹಾಗೆ ಕೇಳಿಸುತ್ತದೆ. ಬೆಕ್ಕನ್ನು ಕರೆದರೆ ಅದು ಮಂಚದ ಕೆಳಗೆ ಹೋಗಿ ಕೂರುತ್ತದೆ.

ಆದ್ದರಿಂದ ಇನ್ನು ಮೇಲೆ ಫೋನ್ ಇಲ್ಲ. ಮೊಬೈಲಿನಲ್ಲಿ ಒತ್ತಿ ಒತ್ತಿ ಬರೆಯುವುದೂ ನನ್ನಿಂದಾಗದು, ಅಕ್ಷರ ಸಿಗುವಷ್ಟರಲ್ಲಿ ಸಿಟ್ಟು ಇಳಿದುಹೋಗಿರುತ್ತದೆ. ಕಾಗದವೇ ವಾಸಿ.

ಇನ್ನೊಂದು ಮಾತು. ಆಸ್ಪತ್ರೆಯ ನಮ್ಮ ಬುಧವಾರದ ಗುಂಪಿಗೆ ಲೆಕ್ಕದ ಟೀಚರಮ್ಮ ಒಬ್ಬರು ಹೊಸದಾಗಿ ಬಂದಿದ್ದಾರೆ. ನನ್ನಂತೆಯೇ ಗಂಟಲು ಖಾಲಿ. ಸ್ಲೇಟು ಹಿಡಿದುಕೊಂಡು ಬರುತ್ತಾರೆ, ನಮಗೆಲ್ಲ ಬೈಯುವುದನ್ನೂ ಅದರಲ್ಲೇ ಬರೆದು ತೋರಿಸುತ್ತಾರೆ. ನೋಟಿಸ್ ಧಾಟಿಯಾದರೂ ಚಿಂತೆಯಿಲ್ಲ, ನನಗೂ ಒಂದು ಕೊಡಿಸಿ ಎನ್ನುತ್ತಿದ್ದಾರೆ. ನನ್ನ ಮಗಳೇ ಮಾಡಿದ್ದು, ತಂದುಕೊಡುತ್ತೇನೆ ಎಂದು ಎದೆ ತಟ್ಟಿಕೊಂಡು ಹೇಳಿದ್ದೇನೆ. ಯಾವಾಗ ಕಳಿಸುತ್ತೀಯ?

ಇಂತಿ, ನಿನಗೆ ಸಾಲ ಕೊಡಲು ಬಂದಿದ್ದ
ಅಪ್ಪ

—

ಜನವರಿ ೩೦

ಅಪ್ಪಾ,

ಕ್ಷಮಿಸು ಎಂದರೆ ನೀನು ಇನ್ನೆರಡು ಪುಟ ಬರೆಯುತ್ತೀಯ. ಅದಕ್ಕೇ ಹೇಳುವುದಿಲ್ಲ.

ಧಾಟಿಯ ಕಾರಣ ನಿನಗೂ ಗೊತ್ತು. ಆಪರೇಷನ್‌ಗೆ ಮುಂಚೆ ನಮ್ಮ ಗಾಜಿನ ಕೋಣೆಯಲ್ಲಿ ಕೂತು ಏನು ಓದಿದೆಯೋ ಅದನ್ನೇ ಪೆಟ್ಟಿಗೆ ಕಲಿತಿದೆ. ನೀನು ಓದಿದ್ದು ನಮ್ಮ ತಂತ್ರಾಂಶದ ಪರವಾನಗಿ ಪತ್ರ, ಅದು ಹಾಗೇ ಮಾತಾಡುತ್ತದೆ. ಧಾಟಿ ಸರಿಮಾಡುವ ಕೆಲಸ ಶುರು ಮಾಡಿದ್ದೆ. ಈಗ ನಿಲ್ಲಿಸಲು ಹೇಳಿದ್ದಾರೆ.

ಟೀಚರಿಗೆ ಪೆಟ್ಟಿಗೆ ಕಳಿಸಲಾಗುವುದಿಲ್ಲ. ಸಂಸ್ಥೆ ಇದನ್ನು ಒಂದು ಕಂಪನಿಗೆ ಬರೆದುಕೊಡುತ್ತಿದೆ, ಅದೂ ಅವರೊಬ್ಬರಿಗೇ. ಇನ್ನು ಮೇಲೆ ಬೇಕಾದವರು ಅವರಿಂದ ಕೊಳ್ಳಬೇಕು. ಒಳಗಿನ ಬರಹ, ಅಂದರೆ ನಾವು ವರ್ಷಗಟ್ಟಲೆ ಬರೆದ ಕೋಡ್, ಮುಚ್ಚಿಬಿಡುತ್ತಾರೆ. ಯಾರೂ ನೋಡುವಂತಿಲ್ಲ, ತಿದ್ದುವಂತಿಲ್ಲ. ನಮ್ಮ ಲ್ಯಾಬಿನಲ್ಲಿ ಪ್ರತಿ ಕಡತದ ತಲೆಯಲ್ಲೂ ಪರವಾನಗಿಯ ಸಾಲುಗಳನ್ನು ಮೊದಲು ಬರೆದು ಆಮೇಲೆ ಕೆಲಸ ಶುರುಮಾಡುವುದು ರೂಢಿ. ಆ ಸಾಲುಗಳನ್ನು ಅಳಿಸು ಎಂದು ನನಗೇ ಹೇಳಿದ್ದಾರೆ.

ಜನರ ತೆರಿಗೆಯಲ್ಲಿ ಆದ ಕೆಲಸವನ್ನು ಜನರಿಗೇ ತೆರೆದಿಡಬೇಕು ಎಂದು ಅನುದಾನ ಕೊಟ್ಟ ಇಲಾಖೆಯ ಷರತ್ತಿನಲ್ಲೇ ಇದೆ ಎಂದೆ. ನಿರ್ದೇಶಕರು ನಕ್ಕರು. "ಸಾಧ್ಯವಾದಷ್ಟು ಅಂತಾನೂ ಇದೆ, ಓದಿದ್ದೀಯೇನಮ್ಮ? ನಮಗೆ ಸಾಧ್ಯವಾಗ್ಲಿಲ್ಲ. ಅಷ್ಟೇ."

ಒಪ್ಪಿಗೆ ಪತ್ರಕ್ಕೆ ಕೋಡ್ ಬರೆದವರೆಲ್ಲ ಸಹಿ ಹಾಕಬೇಕು. ಉಳಿದವರು ಹಾಕಿದ್ದಾರೆ, ನಾನೊಬ್ಬಳೇ ಬಾಕಿ. ಮತ್ತೆ, ನಿನ್ನ ಪೆಟ್ಟಿಗೆ ಪರೀಕ್ಷೆಗೆಂದು ಕೊಟ್ಟದ್ದು, ಸಂಸ್ಥೆಯ ಆಸ್ತಿ. ನಾನು ಸಹಿ ಹಾಕಿದರೆ ಅದು ನಿನ್ನ ಬಳಿಯೇ ಕೊನೆತನಕ ಇರುತ್ತದೆ ಎಂದು ನಿರ್ದೇಶಕರು ತಾವಾಗಿಯೇ ಹೇಳಿದರು. ಹಾಕದಿದ್ದರೆ ಏನು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಮ್ಮನಿಗೆ ಇದನ್ನೆಲ್ಲ ಹೇಳಬೇಡ. ಕತ್ತಿನ ಹತ್ತಿರ ಚರ್ಮ ಕೆಂಪಾಗಿದೆಯಂತೆ, ಪಟ್ಟಿ ಸಡಿಲ ಮಾಡಿಕೋ.

ನಿನ್ನ
ಮೂಲಂಗಿ

—

ಫೆಬ್ರವರಿ ೬

ಲೇ ಮೂಲಂಗಿ,

ನಿಮ್ಮಮ್ಮನಿಗೆ ಹೇಳಿದೆ. ಹೇಳಿದ್ದೇನು, ನಿನ್ನ ಕಾಗದ ಒಡೆದು ಓದಿದವಳೇ ಅವಳು. "ಸಹಿ ಹಾಕಿದ್ರೆ ಈ ಮನೆಗೆ ಬರೋ ಹಾಗಿಲ್ಲ ಅಂತ ಬರೀರಿ" ಎಂದಳು. ಬರೆದಿದ್ದೇನೆ.

ನನಗೆ ಕಂಪ್ಯೂಟರಿನ ತಲೆಬುಡ ಗೊತ್ತಿಲ್ಲ. ಹರಾಜು ಗೊತ್ತು. ಹತ್ತು ಮನೆಯವರು ದುಡ್ಡು ಹಾಕಿ ಒಂದು ಗಾಡಿ ಕುಂಬಳಕಾಯಿ ತರಿಸಿರುತ್ತಾರೆ. ಗಾಡಿ ಹೊಡೆದುಕೊಂಡು ಬಂದವನು ಅದನ್ನು ಅಂಗಡಿಯವನಿಗೆ ಮಾರಿ, ನಿಮಗೆ ಬೇಕಾದರೆ ಅಲ್ಲಿ ಕೊಂಡುಕೊಳ್ಳಿ ಎಂದರೆ ಅವನನ್ನು ಏನೆನ್ನುತ್ತೀಯ? ನಮ್ಮ ಮಾರುಕಟ್ಟೆಯಲ್ಲಿ ಏನೆನ್ನುತ್ತಿದ್ದರೋ ಅದನ್ನು ಮಗಳಿಗೆ ಬರೆಯುವಂತಿಲ್ಲ.

ಇನ್ನು ನನ್ನ ಪೆಟ್ಟಿಗೆಯ ವಿಷಯ. ನಿನ್ನ ನಿರ್ದೇಶಕ ನನ್ನ ಗಂಟಲನ್ನು ಅಡ ಇಟ್ಟುಕೊಂಡು ನಿನ್ನ ಕೈ ಹಿಡಿದು ಸಹಿ ಹಾಕಿಸಲು ನೋಡುತ್ತಿದ್ದಾನೆ. ನೀನು ಅದನ್ನು ಬಾಯಿಬಿಟ್ಟು ಹೇಳದೆ ಪಟ್ಟಿ ಸಡಿಲ ಮಾಡಿಕೋ ಎಂದು ಬರೆಯುತ್ತೀಯ. ನಾನೇನು ಅಷ್ಟು ಪೆದ್ದನೇ? ಕೇಳು. ನನ್ನ ಮೇಲಿನ ಕನಿಕರಕ್ಕೆ ನೀನು ಸಹಿ ಹಾಕಿದೆಯೋ, ಪಟ್ಟಿ ಬಿಚ್ಚಿ ಒಲೆಗೆ ಹಾಕುತ್ತೇನೆ. ಮಾತು ಬಂದರೆ ತಲೆಯೆತ್ತಿ ಬರಬೇಕು.

ಗಾಜಿನ ಕೋಣೆಯ ದಿನ ಚೆನ್ನಾಗಿ ನೆನಪಿದೆ. ಕಥೆ ಪುಸ್ತಕ ಯಾವುದಾದರೂ ಕೊಡೇ, ಓದುತ್ತೇನೆ ಎಂದೆ. "ಕಥೆಗೆಲ್ಲ ಯಜಮಾನರಿರ್ತಾರೆ ಅಪ್ಪ, ಅನುಮತಿ ಬೇಕು. ಇದೊಂದಕ್ಕೆ ಯಾರ ಅಪ್ಪಣೇನೂ ಬೇಡ" ಎಂದು ಆ ಒಣ ಕಾಗದ ಕೊಟ್ಟೆ. ನಿಮ್ಮಂಥವರು ಮಾತ್ರ ಮಾಡುವ ಕೆಲಸ ಅದು. ಬೇರೆ ಯಾರಾದರೂ ಆಗಿದ್ದರೆ, ಅಪ್ಪನ ಧ್ವನಿ ನಾಳೆ ಇರುವುದಿಲ್ಲ, ನನ್ನ ಹೆಸರನ್ನಾದರೂ ಒಮ್ಮೆ ಕರೆಸೋಣ ಎನ್ನುತ್ತಿದ್ದರು. ಇರಲಿ.

ಕೊನೆಗೆ ಬೇಸರ ತಡೆಯಲಾಗದೆ ಅಭ್ಯಾಸಬಲದಿಂದ "ಒಂದು ಸಲ, ಎರಡು ಸಲ, ಮೂರು ಸಲ" ಎಂದು ಕೂಗಿಬಿಟ್ಟೆನಲ್ಲ, ಆಗ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕವರು ಇದೇ ನಿರ್ದೇಶಕರು ತಾನೇ?

ಆ ಕಾಗದದಲ್ಲಿ ಇದ್ದದ್ದೇನು? ಓದಿದೆ, ತಲೆಗೆ ಹತ್ತಲಿಲ್ಲ. ಮಾರುಕಟ್ಟೆಯವನಿಗೆ ಅರ್ಥವಾಗುವ ಹಾಗೆ ಬರೆ.

ಪಟ್ಟಿ ಸಡಿಲ ಮಾಡಿಕೊಳ್ಳದ
ಅಪ್ಪ

—

ಮಾರ್ಚ್ ೨

ಅಪ್ಪಾ,

ಸಹಿ ಹಾಕಲಿಲ್ಲ.

ಒಪ್ಪಿಗೆ ಪತ್ರವನ್ನು ನಿರ್ದೇಶಕರ ಮೇಜಿನ ಮೇಲೆ ಹಾಗೇ ಇಟ್ಟು ಬಂದೆ. ಮಾರನೆಯ ದಿನ ನನ್ನ ಕಂಪ್ಯೂಟರ್ ತೆರೆದುಕೊಳ್ಳಲಿಲ್ಲ. ಈಗ ನನಗೆ ನೆಲಮಾಳಿಗೆಯಲ್ಲಿ ಕೆಲಸ, ಹಳೆಯ ಉಪಕರಣಗಳಿಗೆ ನಂಬರ್ ಚೀಟಿ ಅಂಟಿಸುವುದು. ಗೋಂದು ಚೆನ್ನಾಗಿಲ್ಲ, ಸಂಜೆಗೆ ಅರ್ಧ ಚೀಟಿ ಉದುರಿರುತ್ತವೆ. ಮೊದಲು ಅಳು ಬರುತ್ತಿತ್ತು. ಈಗ ಉದುರಿದ್ದನ್ನು ಮತ್ತೆ ಅಂಟಿಸುವಾಗ ಹಲ್ಲು ಕಚ್ಚಿಕೊಂಡು ನಿನ್ನ ಹರಾಜು ಕೂಗುತ್ತೇನೆ. ಕೆಳಗೆ ಕೇಳುವವರು ಯಾರೂ ಇಲ್ಲ.

ಪರವಾನಗಿಯ ಸಾಲುಗಳನ್ನು ನಾನು ಅಳಿಸಲಿಲ್ಲ. ಪಕ್ಕದ ಮೇಜಿನವನು ಅಳಿಸಿದ, ಮುಖ ಕೆಳಗೆ ಹಾಕಿಕೊಂಡೇ. ಆಚೆ ಹೋಗಿರುವ ಪೆಟ್ಟಿಗೆಗಳಿಗೂ ನೆಟ್‌ವರ್ಕಿನಿಂದಲೇ ಹೊಸ ಪ್ರತಿ ಕಳಿಸಿ ಅಲ್ಲಿಂದಲೂ ತೆಗೆಸಿದ್ದಾರೆ. ನಿನ್ನದರಿಂದಲೂ.

ಆ ಕಾಗದದಲ್ಲಿ ಇದ್ದದ್ದು ಇಷ್ಟು. ಈ ತಂತ್ರಾಂಶ ಯಾರ ಕೈಗೆ ಬಂದಿದೆಯೋ ಅವರು ಇದನ್ನು ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು. ಬಿಚ್ಚಿ ಒಳಗೆ ಹೇಗಿದೆ ಎಂದು ನೋಡಬಹುದು, ತಮಗೆ ಬೇಕಾದಂತೆ ತಿದ್ದಬಹುದು. ಇನ್ನೊಬ್ಬರಿಗೆ ಕೊಡಬಹುದು, ಆದರೆ ಕೊಡುವಾಗ ತಮಗೆ ಸಿಕ್ಕ ಹಕ್ಕನ್ನೆಲ್ಲ ಅವರಿಗೂ ಕೊಡಬೇಕು. ತಾನು ಒಳಗೆ ಬಂದು ಬಾಗಿಲು ಹಾಕಿಕೊಳ್ಳುವಂತಿಲ್ಲ. ಒಮ್ಮೆ ಕೊಟ್ಟ ಅನುಮತಿಯನ್ನು ಕೊಟ್ಟವರೂ ವಾಪಸ್ ಪಡೆಯುವಂತಿಲ್ಲ. ಬೇರೆಯವರು ತಿದ್ದಲು ಅನುಕೂಲವಾಗಲಿ ಎಂದೇ ಕೋಡನ್ನೂ ಪಟ್ಟಿಯ ನಕ್ಷೆಯನ್ನೂ ಪ್ರತಿ ಪೆಟ್ಟಿಗೆಯ ಒಳಗೇ ಇಟ್ಟು ಕಳಿಸುತ್ತಿದ್ದೆವು.

ನಾನು ಯಾರಿಗೂ ಏನನ್ನೂ ಕೊಡುವಂತಿಲ್ಲ. ನೌಕರಿಯ ಕರಾರಿನಲ್ಲಿ ಹಾಗೆಂದು ಸಹಿ ಹಾಕಿದ್ದೇನೆ, ಈಗ ಅದನ್ನು ದಿನಾ ನೆನಪಿಸುತ್ತಿದ್ದಾರೆ. ನನ್ನ ಕೈ ಕಟ್ಟಿದೆ.

ಪೆಟ್ಟಿಗೆ ವಾಪಸ್ ಕೇಳುತ್ತಾರೆ ಅಪ್ಪ. ತಯಾರಾಗಿರು.

ನಿನ್ನ
ಮೂಲಂಗಿ

—

ಏಪ್ರಿಲ್ ೪

ಮಾನ್ಯರೇ,

ವಿಷಯ: ಪ್ರಾಯೋಗಿಕ ಉಪಕರಣದ ಹಿಂತಿರುಗಿಸುವಿಕೆ ಕುರಿತು.

ತಮಗೆ ಪರೀಕ್ಷಾರ್ಥವಾಗಿ ನೀಡಲಾಗಿದ್ದ ಉಪಕರಣವು ಈ ಸಂಸ್ಥೆಯ ಸ್ವತ್ತಾಗಿದ್ದು, ಪ್ರಯೋಗದ ಅವಧಿ ಮುಕ್ತಾಯಗೊಂಡಿರುವುದರಿಂದ ಸದರಿ ಉಪಕರಣವನ್ನು ಪಟ್ಟಿ, ಚಾರ್ಜರ್ ಸಮೇತ ಸುಸ್ಥಿತಿಯಲ್ಲಿ ಕೂಡಲೇ ಹಿಂತಿರುಗಿಸತಕ್ಕದ್ದು. ತಪ್ಪಿದಲ್ಲಿ ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು. ತಮ್ಮ ಸಹಕಾರಕ್ಕೆ ಸಂಸ್ಥೆಯು ಆಭಾರಿಯಾಗಿದೆ.

ತಮ್ಮ ವಿಶ್ವಾಸಿ,
ನಿರ್ದೇಶಕರು

—

ಏಪ್ರಿಲ್ ೧೯

ನಿರ್ದೇಶಕರಿಗೆ ನಮಸ್ಕಾರ.

ತಮ್ಮ ಪತ್ರ ತಲುಪಿತು. ನನ್ನ ಹೆಂಡತಿ ಗಟ್ಟಿಯಾಗಿ ಓದಿದಳು, ಆಮೇಲೆ ನಾನು ತಮ್ಮ ಪೆಟ್ಟಿಗೆಯಲ್ಲಿ ಓದಿದೆ. ಎರಡನೆಯದೇ ಚೆನ್ನಾಗಿ ಕೇಳಿಸಿತು. ಈ ಪೆಟ್ಟಿಗೆಗೆ ಹೇಳಿ ಮಾಡಿಸಿದ ಭಾಷೆ ತಮ್ಮದು.

ಪೆಟ್ಟಿಗೆ, ಪಟ್ಟಿ, ಚಾರ್ಜರ್ ಇದರ ಜೊತೆ ಇವೆ. ಒರೆಸಿ, ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ. ಪ್ಲಾಸ್ಟಿಕ್ ತಮ್ಮದು, ತಂತಿ ತಮ್ಮದು. ನಾನು ಇನ್ನೊಬ್ಬರ ಸಾಮಾನು ಇಟ್ಟುಕೊಳ್ಳುವವನಲ್ಲ.

ಒಳಗಿದ್ದದ್ದರ ಬಗ್ಗೆ ಮಾತ್ರ ತಿಳಿಸಬೇಕು. ಅದನ್ನು ನಾನು ಬೇರೆಯವರಿಗೆ ಕೊಟ್ಟಿದ್ದೇನೆ. ಕದ್ದುಮುಚ್ಚಿ ಅಲ್ಲ, ಹಗಲು ಹೊತ್ತಿನಲ್ಲಿ, ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ. ನಮ್ಮ ಬುಧವಾರದ ಗುಂಪಿನ ಲೆಕ್ಕದ ಟೀಚರಿಗೆ ಒಬ್ಬ ತಮ್ಮನಿದ್ದಾನೆ, ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನು ಹಳೆಯ ಮೊಬೈಲುಗಳಿಗೆ ಎಲ್ಲವನ್ನೂ ಇಳಿಸಿದ. ಒಳಗಿದ್ದ ನಕ್ಷೆ ನೋಡಿಕೊಂಡು ಪಟ್ಟಿಗಳನ್ನೂ ಮಾಡಿದ. ಅವನಿಗೂ ನಾನೇ ಹೇಳಿದ್ದು, ತಾವು ಕೇಳುವುದೇನಿದ್ದರೂ ನನ್ನನ್ನು ಕೇಳಿ.

ಇದಕ್ಕೆ ಅಪ್ಪಣೆ ಯಾರದು ಎನ್ನುತ್ತೀರಿ. ತಮ್ಮದೇ. ನನ್ನ ಕೈಗೆ ಬಂದಾಗ ಯಾರಿಗೆ ಬೇಕಾದರೂ ಕೊಡಬಹುದು ಎಂಬ ಮಾತಿನ ಸಮೇತ ಬಂದಿತ್ತು. ಆಮೇಲೆ ತಾವು ಆ ಮಾತನ್ನು ಅಳಿಸಿದಿರಂತೆ. ಮಾರುಕಟ್ಟೆಯಲ್ಲಿ ಮೂರು ಸಲ ಕೂಗಿ ಸರಕು ಬಿಟ್ಟ ಮೇಲೆ, ಹಲಗೆಯ ಮೇಲಿನ ಸೀಮೆಸುಣ್ಣ ಒರೆಸಿದರೆ ಸರಕು ವಾಪಸ್ ಬರುವುದಿಲ್ಲ.

ಒಂದು ಅನಾಹುತ ಆಗಿದೆ, ಅದನ್ನೂ ಹೇಳಿಬಿಡುತ್ತೇನೆ. ಪೆಟ್ಟಿಗೆ ಕಲಿತಿರುವ ಮಾದರಿ ಧ್ವನಿ ನನ್ನದು. ಹಾಗಾಗಿ ಈಗ ನಮ್ಮ ಗುಂಪಿನಲ್ಲಿ ಎಲ್ಲರೂ ನನ್ನ ಧ್ವನಿಯಲ್ಲೇ ಮಾತಾಡುತ್ತಾರೆ, ಟೀಚರ್ ಕೂಡ. ಮೊನ್ನೆ ಅವರು ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಲು ಬಾಯಿ ತೆರೆದರು, ಪಾಪ, ಸೊಪ್ಪಿನವಳು ಬುಟ್ಟಿಯನ್ನೇ ಬಿಟ್ಟು ಎದ್ದು ನಿಂತಳು.

ನನಗೆಂದು ಮಾತ್ರ ಪ್ರತಿ ಇಟ್ಟುಕೊಂಡಿಲ್ಲ. ಇದು ನ್ಯಾಯವೋ ಕಳ್ಳತನವೋ ಎಂದು ತಾವು ಎಲ್ಲಿ ಬೇಕಾದರೂ ಕೇಳಿ ತೀರ್ಮಾನ ಮಾಡಿಸಿ. ಅಲ್ಲಿಯ ತನಕ ಬಾಯಿ ಮುಚ್ಚಿಕೊಂಡಿರುತ್ತೇನೆ. ಕಳ್ಳ ಅನ್ನಿಸಿಕೊಂಡು ಮಾತಾಡುವ ಅಭ್ಯಾಸ ನನಗಿಲ್ಲ.

ತಮ್ಮ ಪ್ಲಾಸ್ಟಿಕ್ಕಿನ ಋಣ ಮುಗಿಸಿದ
ಹರಾಜಿನವನು

—

ಮೇ ೮

ಅಪ್ಪಾ,

ನಿನಗೆ ಬುದ್ಧಿ ಇದೆಯಾ?

ನನಗೆ ಒಂದು ಮಾತು ಹೇಳಬಾರದಿತ್ತೇ? ನೀನು ಬರೆದ ಕಾಗದವನ್ನು ನಿರ್ದೇಶಕರು ನನ್ನ ಮುಂದೆ ಹಿಡಿದು ಒಂದೊಂದೇ ಸಾಲು ಓದಿಸಿದರು. ಸೊಪ್ಪಿನವಳ ಸಾಲು ಬಂದಾಗ ನನಗೆ ನಗು ತಡೆಯಲಾಗಲಿಲ್ಲ, ಅದು ಇನ್ನೂ ಕೆಟ್ಟಿತು.

ಈಗ ನೀನು ಕದ್ದೆ ಎಂದೂ, ಕದಿಯಲು ಹೇಳಿಕೊಟ್ಟವಳು ನಾನು ಎಂದೂ ಅನುದಾನ ಕೊಟ್ಟ ಇಲಾಖೆಗೇ ದೂರು ಹೋಗಿದೆ. ಇಲಾಖೆ ಸಮಿತಿ ಕೂರಿಸಿದೆ, ಜೂನ್ ಹನ್ನೆರಡಕ್ಕೆ ವಿಚಾರಣೆ. ಸಂಸ್ಥೆಯ ವಾದ ಒಂದೇ. ಇದನ್ನು ನಾವು ಯಾವತ್ತೂ ಮುಕ್ತವಾಗಿ ಬಿಟ್ಟಿಲ್ಲ, ಅದು ಆ ಹುಡುಗಿಯ ಕರಡಿನಲ್ಲಿದ್ದ ಸಾಲು, ಹೊರಗೆ ಹೋದ ಯಾವ ಪೆಟ್ಟಿಗೆಯಲ್ಲೂ ಇಲ್ಲ, ಇದ್ದರೆ ತೋರಿಸಲಿ ಎನ್ನುತ್ತಾರೆ. ತೋರಿಸುವುದೇನನ್ನು? ಅಳಿಸಿಬಿಟ್ಟಿದ್ದಾರೆ. ಸಂಸ್ಥೆಯೊಳಗಿನ ಹಳೆಯ ಪ್ರತಿಗಳನ್ನು ಮುಟ್ಟಲು ನನ್ನನ್ನು ಬಿಡುವುದಿಲ್ಲ. ನೀನು ಇಳಿಸಿಕೊಟ್ಟದ್ದೂ ಅಳಿಸಿದ ಮೇಲಿನ ಪ್ರತಿಯೇ.

ಸೋತರೆ ಟೀಚರ್, ಅವರ ತಮ್ಮ, ಗುಂಪಿನವರು ಎಲ್ಲರೂ ಅದನ್ನು ವಾಪಸ್ ಕೊಡಬೇಕು. ನಿನಗಂತೂ ಇನ್ನೆಂದೂ ಸಿಗುವುದಿಲ್ಲ. ನನ್ನ ಕೆಲಸದ ಮಾತು ಬಿಡು.

ನಿನ್ನ ಮೇಲೆ ಸಿಟ್ಟಿದೆ. ನಾನು ಮಾಡಬೇಕೆಂದಿದ್ದ ಕೆಲಸವನ್ನು ನೀನು ಮಾಡಿದ್ದಕ್ಕೆ ಇನ್ನೂ ಜಾಸ್ತಿ. ಮನೆಯಲ್ಲಿ ಹೇಗೆ ಮಾತಾಡುತ್ತೀಯ? ಅಮ್ಮ ಬರೆದಿದ್ದಳು, ಮೇಜು ಕುಟ್ಟುತ್ತೀಯಂತೆ.

ಮೂಲಂಗಿ

—

ಜೂನ್ ೧೪

ಮೂಲಂಗಿ,

ನೀನು ಹೊರಗೆ ಬೆಂಚಿನ ಮೇಲೆ ಉಗುರು ಕಚ್ಚುತ್ತಾ ಕೂತಿದ್ದೆ. ನಿನ್ನ ಸರದಿ ಬೇರೆ ದಿನ ಎಂದು ಒಳಗೆ ಬಿಡಲಿಲ್ಲ. ನಾನು ಆಚೆ ಬರುವಷ್ಟರಲ್ಲಿ ನಿನ್ನ ಬಸ್ಸಿನ ಹೊತ್ತಾಗಿತ್ತು, ನನ್ನ ಕೈಯಲ್ಲಿದ್ದದ್ದು ಬರೀ ಸ್ಲೇಟು. "ಗೆದ್ವಾ?" ಎಂದು ಕೇಳಿದೆ. "ಕೂಗಾಯಿತು" ಎಂದು ಬರೆದು ತೋರಿಸಿದೆ. ನಿನಗೆ ಅರ್ಥವಾಗಲಿಲ್ಲ, ಮುಖ ನೋಡಿಯೇ ತಿಳಿಯಿತು. ಈಗ ಪೂರ್ತಿ ಓದು.

ಉದ್ದನೆಯ ಮೇಜು, ಆ ಕಡೆ ಮೂರು ಜನ. ನಡುವೆ ಕೂತಿದ್ದ ಅಧ್ಯಕ್ಷೆಗೆ ವಿಪರೀತ ನೆಗಡಿ. ಈ ಕಡೆ ನಿರ್ದೇಶಕರು, ಅವರ ವಕೀಲ. ಎದುರಿಗೆ ನಾನು, ಟೀಚರ್, ಅವರ ತಮ್ಮ. ವಕೀಲ ನನ್ನ ಹೆಸರು, ಕಸುಬು ಕೇಳಿದ. ಸ್ಲೇಟಿನಲ್ಲಿ ಬರೆಯಲು ಬಳಪ ಎತ್ತಿದೆ, ಅಷ್ಟರಲ್ಲಿ ಟೀಚರ್ ನನ್ನ ಧ್ವನಿಯಲ್ಲಿ ಉತ್ತರ ಹೇಳಿಬಿಟ್ಟರು. ಕೋಣೆಯವರೆಲ್ಲ ನನ್ನ ಬಾಯಿ ನೋಡಿದರು. ಆಮೇಲೆ ಅವರ ಬಾಯಿ ನೋಡಿದರು. ನಾನು ಬಳಪ ಕೆಳಗಿಟ್ಟು ನನ್ನದೇ ಗಂಟಲು ಪಕ್ಕದ ಕುರ್ಚಿಯಿಂದ ಮಾತಾಡುವುದನ್ನು ಕೇಳಿದೆ. ನಿಜ ಹೇಳಲೇ? ಸಂಕಟವೂ ಆಯಿತು, ಹೆಮ್ಮೆಯೂ ಆಯಿತು.

ವಕೀಲ ಮೇಜು ಬಡಿದು ಕೇಳಿದ, "ಮುಕ್ತ ಪರವಾನಗಿ, ಮುಕ್ತ ಪರವಾನಗಿ ಅಂತೀರಲ್ಲ, ಎಲ್ಲಿದೆ ಅದು? ತೋರಿಸಿ ನೋಡೋಣ."

ಟೀಚರ್ ಹೇಳಿದರು, "ತೋರ್ಸೋಕಾಗಲ್ಲ. ಕೇಳಿಸ್ತೀವಿ."

ಇದನ್ನು ನಾವು ಮೊದಲೇ ಮಾತಾಡಿಕೊಂಡಿದ್ದೆವು. ನಿನ್ನ ಮೇ ತಿಂಗಳ ಕಾಗದ ಓದಿ ನಾನು ನಿದ್ದೆಗೆಟ್ಟವನು, ಬುಧವಾರ ಗುಂಪಿಗೆ ಹೋಗಿ ಸ್ಲೇಟಿನಲ್ಲಿ ಬರೆದೆ: ಅವರು ಅಕ್ಷರ ಅಳಿಸಿದ್ದಾರೆ, ನನ್ನ ಧ್ವನಿ ಅಳಿಸಿದ್ದಾರೆಯೇ? ಟೀಚರರ ತಮ್ಮ ಇಲ್ಲವೆಂದು ತಲೆಯಾಡಿಸಿದ. ಹೇಗೆ ಅಳಿಸುತ್ತಾರೆ, ಮಾದರಿ ಧ್ವನಿ ತೆಗೆದರೆ ಪೆಟ್ಟಿಗೆಯೇ ಮೂಕವಾಗುತ್ತದೆಯಲ್ಲ. ಪ್ರತಿ ಪೆಟ್ಟಿಗೆಯಲ್ಲೂ ಅದು ಇರಲೇಬೇಕು. ಅದನ್ನು ಮೊದಲಿಂದ ಕೊನೆತನಕ ಕೂತು ಕೇಳಿದವರು ಯಾರೂ ಇಲ್ಲ, ಅಷ್ಟು ಬೇಸರದ ಓದು. ನಿನಗೂ ಹೊಳೆಯಲಿಲ್ಲ ನೋಡು. ನಿನಗೆ ಬರೆಯಲಿಲ್ಲ ಯಾಕೆಂದರೆ ಹೇಳಿಕೊಟ್ಟವಳು ನೀನು ಎಂದು ಮತ್ತೆ ದೂರು ಬರುತ್ತಿತ್ತು.

ಅಧ್ಯಕ್ಷೆ ಸಂಸ್ಥೆ ತಂದಿದ್ದ ಪೆಟ್ಟಿಗೆಯನ್ನೇ ತೆಗೆಸಿದರು, ನಾನು ಹತ್ತಿಯಲ್ಲಿ ಸುತ್ತಿ ಕಳಿಸಿದ್ದನ್ನೇ. ಟೀಚರರ ತಮ್ಮ ಗುಂಡಿ ಒತ್ತಿದ.

ನನ್ನ ಧ್ವನಿ ಬಂತು. ಪೆಟ್ಟಿಗೆ ಕಟ್ಟಿ ಜೋಡಿಸಿದ್ದಲ್ಲ, ನಾನೇ ಉಸಿರು ಬಿಟ್ಟು ಓದಿದ್ದು, ನಡುವೆ ಕೆಮ್ಮು ಸಮೇತ. "ಈ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು" ಎಂದು ಶುರುವಾಗಿ ಕೊನೆಯ ಷರತ್ತಿನ ತನಕ ಒಂದಕ್ಷರ ಬಿಡದೆ. ಆಪರೇಷನ್ ಆದ ಮೇಲೆ ನನ್ನನ್ನು ನಾನು ಕೇಳಿದ್ದು ಅದೇ ಮೊದಲು. ಅಳು ಬಂತು ಮೂಲಂಗಿ. ಬರೆಯಲು ನನಗೆ ನಾಚಿಕೆಯಿಲ್ಲ. ಧ್ವನಿಯಿಲ್ಲದವನ ಅಳುವಿಗೂ ಶಬ್ದವಿಲ್ಲ, ಯಾರಿಗೂ ತೊಂದರೆಯಾಗಲಿಲ್ಲ.

ಓದು ಮುಗಿದ ಮೇಲೆ ನನ್ನ ಕೂಗು: ಒಂದು ಸಲ, ಎರಡು ಸಲ, ಮೂರು ಸಲ. ಆ ಗಾಜಿನ ಕೋಣೆಯೇ ನಡುಗುವ ಹಾಗೆ. ಅದರ ಹಿಂದೆಯೇ ಇನ್ನೊಬ್ಬರ ನಗು, ಆಮೇಲೆ ಅವರದೇ ಮಾತು: "ಭಲೇ ಯಜಮಾನ್ರೇ, ಇದನ್ನೇ ಇಟ್ಕೊಳ್ರಪ್ಪ. ಹೊರಗೆ ಹೋಗೋ ಪ್ರತಿ ಪೆಟ್ಟಿಗೆಗೂ ಇದನ್ನೇ ಹಾಕಿ ಕಳಿಸಿ."

ನಿರ್ದೇಶಕರು ಕನ್ನಡಕ ತೆಗೆದು ಒರೆಸತೊಡಗಿದರು. ಅಧ್ಯಕ್ಷೆ ಮೂಗು ಒರೆಸಿಕೊಂಡು, "ಇದು ಯಾರ ಧ್ವನಿ ಸಾರ್?" ಎಂದು ಕೇಳಿದರು. ವಕೀಲ ನಿರ್ದೇಶಕರ ಮುಖ ನೋಡಿದ, ಅವರು ಕನ್ನಡಕ ನೋಡಿಕೊಂಡರು. "ಕೊನೇಲಿ ಮೂರು ಸಲ ಕೂಗಿದ್ದು ಯಾಕೆ?" ಎಂದು ಅಧ್ಯಕ್ಷೆ ನನ್ನನ್ನು ಕೇಳಿದರು. ನಾನು ಸ್ಲೇಟು ಎತ್ತಿ ಹಿಡಿದೆ: "ಇನ್ನು ಸರಕು ಕೊಂಡವರದ್ದು. ಕೊಂಡವರು ಜನ."

ತೀರ್ಪು ಬರೆದು ಕಳಿಸುತ್ತಾರಂತೆ. ಏನು ಬೇಕಾದರೂ ಬರಲಿ. ನಾನು ನೆಟ್ಟಗೆ ನಡೆದುಕೊಂಡು ಆಚೆ ಬಂದೆ.

ಅಪ್ಪ

—

ಸೆಪ್ಟೆಂಬರ್ ೩

ಅಪ್ಪಾ,

ತೀರ್ಪಿನ ಪ್ರತಿ ನಿನಗೂ ಬಂದಿರಬೇಕು. ಸಾರ್ವಜನಿಕ ಹಣದಲ್ಲಿ ಬರೆದದ್ದು, ಸಂಸ್ಥೆಯೇ ಕೈಯಾರೆ ಹಂಚಿದ್ದು, ಹಂಚಿದ ಮೇಲೆ ಅನುಮತಿ ಹಿಂದಕ್ಕೆ ಬರುವುದಿಲ್ಲ, ಕಳ್ಳತನದ ಮಾತೇ ಏಳುವುದಿಲ್ಲ ಎಂದು ಬರೆದಿದ್ದಾರೆ. "ಸಾಧ್ಯವಾದಷ್ಟು" ಎಂಬ ಪದವನ್ನು ಇಲಾಖೆ ಇನ್ನು ಮುಂದಿನ ಷರತ್ತುಗಳಿಂದ ತೆಗೆಯುತ್ತದಂತೆ. ಆ ಒಂದು ಸಾಲನ್ನು ನಾನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ನನ್ನ ಕರಾರನ್ನು ಮುಂದುವರಿಸಲಿಲ್ಲ. ನೆಲಮಾಳಿಗೆಯಿಂದ ಹೊರಡುವ ದಿನ ನಿರ್ದೇಶಕರು ಮೆಟ್ಟಿಲ ಹತ್ತಿರ ಸಿಕ್ಕರು. "ಇಷ್ಟೆಲ್ಲ ಮಾಡಿ ನಿನಗೇನು ಸಿಕ್ತಮ್ಮ?" ಎಂದರು. "ಎಲ್ಲರಿಗೂ ಸಿಕ್ಕಿದ್ದೇ ಸಾರ್" ಎಂದೆ. ಬೇರೆ ಏನಾದರೂ ಚೆನ್ನಾಗಿ ಹೇಳಬಹುದಿತ್ತು, ಆಗ ಹೊಳೆದದ್ದು ಅಷ್ಟೇ. ಈಗ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಕೋಣೆ ಚಿಕ್ಕದು, ಕಿಟಕಿ ದೊಡ್ಡದು. ಗಾಬರಿಯಾಗಬೇಡ.

ಟೀಚರರ ತಮ್ಮನ ಬಳಿ ಇದ್ದ ಕೋಡನ್ನು ತರಿಸಿಕೊಂಡು ಎಲ್ಲರೂ ನೋಡುವ ಕಡೆ ಹಾಕಿದ್ದೇನೆ. ಪ್ರತಿ ಕಡತದ ತಲೆಯಲ್ಲೂ ಆ ಸಾಲುಗಳನ್ನು ನಾನೇ ಕೂತು ಮತ್ತೆ ಬರೆದೆ. ಹಾಕಿದ ಮೇಲೆ ಎಲ್ಲೆಲ್ಲಿಂದಲೋ ಜನ ತಿದ್ದುಪಡಿ ಕಳಿಸತೊಡಗಿದರು. ಹೆಣ್ಣು ಧ್ವನಿ ಸೇರಿಸುವುದನ್ನು ಒಬ್ಬರು ಮಾಡಿದ್ದಾರೆ. ಟೀಚರಿಗೆ ಅವರ ತಂಗಿಯ ಧ್ವನಿ ಹಾಕಿಸು, ಸೊಪ್ಪಿನವಳು ಬದುಕಿಕೊಳ್ಳಲಿ.

ಕಳೆದ ವಾರ ಇನ್ನೊಂದು ಬಂತು. ಕಳಿಸಿದವರು ಯಾರೋ ಗೊತ್ತಿಲ್ಲ, ಯಾವ ದೇಶದವರೋ. ಧಾಟಿ ಸರಿಮಾಡುವ ನನ್ನ ಅರ್ಧ ಬಿಟ್ಟ ಕೆಲಸವನ್ನು ಅವರು ಮುಗಿಸಿದ್ದಾರೆ. ಅದರ ಜೊತೆ ಒಂದು ಸಾಲು ಬರೆದಿದ್ದರು: "ಭಾಷೆ ನನಗೆ ತಿಳಿಯದು. ಓದು ಪೂರ್ತಿ ಒಂದೇ ಧಾಟಿ. ಆದರೆ ಕೊನೆಯಲ್ಲಿ ಈ ಮನುಷ್ಯ ಏನೋ ಮೂರು ಸಲ ಕೂಗುತ್ತಾನೆ, ಅಲ್ಲಿ ಅವನ ಜೀವ ಇದೆ. ಏರಿಳಿತವನ್ನೆಲ್ಲ ಅಲ್ಲಿಂದಲೇ ತೆಗೆದುಕೊಂಡೆ."

ಹೊಸ ಪೆಟ್ಟಿಗೆ ಇದರ ಜೊತೆ ಕಳಿಸಿದ್ದೇನೆ. ಇದು ಯಾರ ಆಸ್ತಿಯೂ ಅಲ್ಲ, ಪಟ್ಟಿಯ ಒಳಗೆ ಮೆತ್ತನೆಯ ಬಟ್ಟೆ ಹೊಲಿದಿದ್ದೇನೆ. ನಾನು ಹಾಕಿ ಕೇಳಿಲ್ಲ. ಕೇಳಬೇಕು ಎಂದು ಎರಡು ಸಲ ಗುಂಡಿಯ ಮೇಲೆ ಬೆರಳಿಟ್ಟೆ, ಆಗಲಿಲ್ಲ.

ಮೊದಲು ನೀನೇ.

ಮೂಲಂಗಿ

—

ಸೆಪ್ಟೆಂಬರ್ ೧೪

ಲೇ ಮೂಲಂಗಿ,

ಪಟ್ಟಿ ಕಟ್ಟಿಕೊಂಡೆ. ನಡುಮನೆಯಲ್ಲಿ ಕೂತು ಕಾಫಿ ಕೇಳಿದೆ, ಅಷ್ಟೇ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ನಿಮ್ಮಮ್ಮ ಬಾಗಿಲಿಗೆ ಬಂದು ನಿಂತಳು. ಆಮೇಲೆ, "ಹಂಗ್ಯಾಕೆ ಕಿರುಚ್ತೀರಿ, ನಾನೇನು ಕಿವುಡಿನಾ?" ಎಂದು ಬೈದಳು. ಎಷ್ಟು ದಿನವಾಗಿತ್ತು ಆ ಬೈಗುಳ ಕೇಳಿ. ಬೈದವಳು ಒಳಗೆ ಹೋಗಿ ಬೇಗ ಬರಲಿಲ್ಲ, ಕಾಫಿ ತಣ್ಣಗಾಗಿಯೇ ಬಂತು. ಕುಡಿದೆ. ಬೆಕ್ಕು ಇನ್ನೂ ನಂಬಿಲ್ಲ, ದೂರದಲ್ಲಿ ಕೂತು ನೋಡುತ್ತಿದೆ.

ನಿಮ್ಮ ನಿರ್ದೇಶಕರಿಗೂ ಒಂದು ಫೋನ್ ಮಾಡಿ ಊಟ ಆಯಿತೇ ಎಂದು ಕೇಳಬೇಕು ಎಂದಿದ್ದೇನೆ. ಟೀಚರ್ ಬೇಡ ಎನ್ನುತ್ತಾರೆ. ನೋಡೋಣ.

ಭಾನುವಾರ ಬೆಳಗ್ಗೆ ನಿನಗೆ ಮಾಡುತ್ತೇನೆ. ಅವತ್ತು ಗಾಜಿನ ಕೋಣೆಯಲ್ಲಿ ನೀನು ನನ್ನಿಂದ ಕರೆಸಿಕೊಳ್ಳಲಿಲ್ಲವಲ್ಲ, ಆ ಬಾಕಿ ಇದೆ. ಏನು ಕೂಗುತ್ತೇನೆ ಎಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ಅದು ಬರೀ ತರಕಾರಿಯ ಹೆಸರು. ಎತ್ತು. ಒಂದನೇ ಸಲಕ್ಕೇ ಅತ್ತುಕೊಂಡು ಇಟ್ಟುಬಿಡಬೇಡ. ಮೂರನೆಯ ಸಲದ ತನಕ ಕಿವಿಗೆ ಹಿಡಿದುಕೊಂಡಿರು.

ಅಪ್ಪ